ಪಾಡ್‌ಕಾಸ್ಟ್: ಊರಿಗೆ ಹೋದ ಮೊದಲ ರಾತ್ರಿ ಮಗು ಯಾಕೆ ಮಲಗಲ್ಲ?

ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಉಪಶೀರ್ಷಿಕೆ ಕೊಟ್ಟಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.



ಏಪ್ರಿಲ್ ಬಂತು ಅಂದ್ರೆ ಬೆಂಗಳೂರಿನ ಅರ್ಧ ಮನೆಗಳಲ್ಲಿ ಒಂದೇ ಮಾತು: ರಜೆಗೆ ಊರಿಗೆ ಯಾವಾಗ? ಬ್ಯಾಗು ತುಂಬುತ್ತೇವೆ, ಬಟ್ಟೆ ಲೆಕ್ಕ ಹಾಕುತ್ತೇವೆ, ಬಸ್ಸಿನ ಸೀಟು ಬುಕ್ ಮಾಡುತ್ತೇವೆ. ಆದರೆ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಒಂದು ವಿಷಯವನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಅದು ಮಗುವಿನ ನಿದ್ದೆ. ಅದರ ನೆನಪಾಗೋದು ಊರು ತಲುಪಿದ ಮೊದಲ ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ.

ಇವತ್ತಿನ ಸಂಚಿಕೆ ಅದರ ಬಗ್ಗೆಯೇ. ನನ್ನದೇ ಒಂದು ಅನುಭವದಿಂದ ಶುರು ಮಾಡುತ್ತೇನೆ. ಯಾಕಂದ್ರೆ ಆ ರಾತ್ರಿ ನಾನು ಒಂದು ದೊಡ್ಡ ತಪ್ಪು ಮಾಡೋದರಲ್ಲಿದ್ದೆ.

ದೊಡ್ಡಉಳ್ಳಾರ್ತಿಯ ಆ ರಾತ್ರಿ

ನಮ್ಮ ಮನೆಯವರ ಊರು ದೊಡ್ಡಉಳ್ಳಾರ್ತಿ. ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲ್ಲೂಕು. ಬೆಂಗಳೂರಿನಿಂದ ಹೆದ್ದಾರಿ 48 ಹಿಡಿದು ಹಿರಿಯೂರಿಗೆ ಬಂದು, ಅಲ್ಲಿಂದ ಬಳ್ಳಾರಿ ಕಡೆಯ 150ಎ ರಸ್ತೆಗೆ ತಿರುಗಿದರೆ ಚಳ್ಳಕೆರೆ. ಸುಮಾರು 200 ಕಿಲೋಮೀಟರ್. ಅಲ್ಲಿಂದ ಮುಂದೆ ನಮ್ಮೂರು. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರೋ ಸೀಮೆ.

ಮಗಳಿಗೆ ಆಗ ಒಂದೂವರೆ ವರ್ಷ. ಬುದ್ಧಿ ಬಂದ ಮೇಲೆ ಊರಿಗೆ ಮೊದಲ ಪ್ರಯಾಣ. ಬಿಸಿಲು ಇಳಿದ ಮೇಲೆ ಹೊರಡೋಣ ಅಂತ ಮಧ್ಯಾಹ್ನ ಮೂರಕ್ಕೆ ಬೆಂಗಳೂರು ಬಿಟ್ಟೆವು. ಐದು ಗಂಟೆಗೆ ಮಗು ಕಾರಿನಲ್ಲಿ ನಿದ್ದೆ ಹೋಯಿತು. ಏಳೂವರೆಗೆ ಊರು ಮುಟ್ಟಿದಾಗ ಎದ್ದಳು. ಮನೆ ತುಂಬ ಜನ. ಅತ್ತೆ, ಮಾವ, ಓರಗಿತ್ತಿ, ಅವರ ಮಕ್ಕಳು, ಅಕ್ಕಪಕ್ಕದವರು. ಎಲ್ಲರಿಗೂ ಕೂಸನ್ನು ಎತ್ತಿಕೊಳ್ಳೋ ಆಸೆ. ಟ್ಯೂಬ್‌ಲೈಟ್, ಟಿವಿ, ನಗು, ಊಟ. ಹತ್ತೂವರೆಗೆ ಹಾಸಿಗೆ ಹಾಕಿದೆವು. ಮಗು ಕಣ್ಣು ಮುಚ್ಚಲಿಲ್ಲ. ಹನ್ನೊಂದೂವರೆಗೆ ಅಳು ಶುರುವಾಯಿತು. ಹನ್ನೆರಡಕ್ಕೆ ಕರೆಂಟ್ ಹೋಯಿತು. ಹನ್ನೆರಡೂವರೆಗೆ ಮನೆಯವರೆಲ್ಲ ಎದ್ದು ಕೂತಿದ್ದರು.

ಹೊಸ ಸೊಸೆಯರಿಗೆ ಈ ಗಳಿಗೆ ಗೊತ್ತಿರುತ್ತೆ. ಯಾರೂ ಏನೂ ಅಂದಿರೋದಿಲ್ಲ. ಆದರೂ ಎಲ್ಲರ ಕಣ್ಣು ನಮ್ಮ ಮೇಲೇ ಇದೆ ಅನ್ನಿಸುತ್ತೆ. ಆಗ ನೆಂಟರೊಬ್ಬರು ಹೇಳಿದರು: "ನೆಗಡಿ ಔಷಧಿ ಇದ್ರೆ ಅರ್ಧ ಚಮಚ ಹಾಕಮ್ಮಾ, ತಣ್ಣಗೆ ಮಲಗುತ್ತೆ. ನಮ್ಮ ಮಕ್ಕಳಿಗೂ ಹಾಕ್ತಿದ್ವಿ." ನನ್ನ ಬ್ಯಾಗಿನಲ್ಲಿ ಬಾಟಲಿ ಇತ್ತು. ಸುಳ್ಳು ಹೇಳಲ್ಲ, ಚಮಚಕ್ಕೆ ಬಗ್ಗಿಸಿಯೂ ಆಗಿತ್ತು.

ತಡೆದದ್ದು ಮನೆಯ ಅಜ್ಜಿ, ಅಂದರೆ ನಮ್ಮ ಮಾವನ ತಾಯಿ. "ಅದೆಲ್ಲ ಬ್ಯಾಡ. ಕೊಡವ್ವಾ ಇತ್ತಾಗೆ. ಹೊಸ ಜಾಗ ಕಣವ್ವಾ, ಕೂಸಿಗೆ ಗುರ್ತು ಸಿಕ್ಕಿಲ್ಲ" ಅಂತ ಮಗುವನ್ನು ಎದೆಗೆ ಹಾಕಿಕೊಂಡು ಅಂಗಳಕ್ಕೆ ಇಳಿದರು. ಕತ್ತಲಲ್ಲಿ ಅತ್ತಿಂದಿತ್ತ ನಡೆದರು. ಹತ್ತು ನಿಮಿಷದಲ್ಲಿ ಅಳು ನಿಂತಿತು. ಆದರೆ ಅಜ್ಜಿ ತಕ್ಷಣ ಮಲಗಿಸಲಿಲ್ಲ. ಕಟ್ಟೆಯ ಮೇಲೆ ಕೂತು, ಇನ್ನೂ ಒಂದಷ್ಟು ಹೊತ್ತು ಎದೆಗೇ ಆನಿಸಿಕೊಂಡಿದ್ದು, ಆಮೇಲೆ ಹಾಸಿಗೆಗೆ ಹಾಕಿದರು.

ಅಜ್ಜಿ ಹೇಳಿದ ಆ ಮಾತು, 'ಗುರ್ತು ಸಿಕ್ಕಿಲ್ಲ' ಅನ್ನೋದು, ಈ ವಿಷಯದ ತಿರುಳು. ಆಮೇಲೆ ಇದರ ಬಗ್ಗೆ ಓದುತ್ತಾ ಹೋದಾಗ ನನಗೆ ಅರ್ಥವಾಗಿದ್ದು ಇಷ್ಟು: ಪ್ರಯಾಣದಲ್ಲಿ ಮಗುವಿಗೆ ಬೇಕಾಗಿರೋದು ಮನೆಯ ಹಾಸಿಗೆ ಅಲ್ಲ, ಮನೆಯ ಕ್ರಮ. ಯಾವುದಾದ ಮೇಲೆ ಯಾವುದು ಅನ್ನೋ ಕ್ರಮ. ಅದೊಂದನ್ನು ಜೊತೆಗೆ ಒಯ್ದರೆ ಅರ್ಧ ಕೆಲಸ ಮುಗಿಯಿತು.

ಹೊಸ ಜಾಗದಲ್ಲಿ ಮಿದುಳು ಕಾವಲು ಕಾಯುತ್ತೆ

ಹೊಸ ಜಾಗದಲ್ಲಿ ನಿದ್ದೆ ಬಾರದೆ ಇರೋದು ಮಕ್ಕಳಿಗೆ ಮಾತ್ರ ಅಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡವರ ಮೇಲೆ ಒಂದು ಅಧ್ಯಯನ ಮಾಡಿದರು. ಅಪರಿಚಿತ ಜಾಗದ ಮೊದಲ ರಾತ್ರಿ, ಗಾಢ ನಿದ್ದೆಯಲ್ಲೂ ಮಿದುಳಿನ ಒಂದು ಭಾಗ ಇನ್ನೊಂದು ಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ, ಅಪರಿಚಿತ ಸದ್ದಿಗೆ ಬೇಗ ಪ್ರತಿಕ್ರಿಯಿಸುತ್ತದೆ ಅಂತ ಅವರು ಕಂಡುಕೊಂಡರು. ದೊಡ್ಡವರಾದ ನಮಗೇ ಹೀಗಾದರೆ, 'ಇದು ಅಜ್ಜಿ ಮನೆ, ಇಲ್ಲಿ ಭಯ ಇಲ್ಲ' ಅಂತ ತಿಳಿಸಿ ಹೇಳಲಾಗದ ಮಗುವಿನ ಪಾಡೇನು?

ಎರಡನೇ ಕಾರಣ ಹೊತ್ತು. ನಿದ್ದೆಯೂ ಹಸಿವಿನ ಹಾಗೆ. ಎದ್ದ ಗಳಿಗೆಯಿಂದ ನಿಧಾನಕ್ಕೆ ಸೇರುತ್ತಾ ಹೋಗುತ್ತದೆ. ಸಂಜೆ ಐದರಿಂದ ಏಳೂವರೆ ತನಕ ಕಾರಲ್ಲಿ ಮಲಗಿದ ಮಗು, ಊಟಕ್ಕೆ ಮುಂಚೆ ಒಂದು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ತಿಂದ ಹಾಗೆ. ಊಟದ ಹೊತ್ತಿಗೆ ಹಸಿವಿರೋದಿಲ್ಲ. ಇದರ ಉಲ್ಟಾ ಕೂಡ ಕಷ್ಟವೇ. ಹಗಲು ನಿದ್ದೆಯೇ ಇಲ್ಲದೆ ಬಂದ ಮಗು ದಣಿದು ದಣಿದು, ಮಲಗೋ ಹೊತ್ತು ಮೀರಿ, ಕುಣಿಯೋಕೆ ಶುರು ಮಾಡುತ್ತದೆ. 'ಸುಸ್ತಾದ್ರೆ ತಾನೇ ಮಲಗುತ್ತೆ ಬಿಡಿ' ಅನ್ನೋ ಮಾತು ಚಿಕ್ಕ ಮಕ್ಕಳ ವಿಷಯದಲ್ಲಿ ನಿಜವಾಗೋದು ಕಡಿಮೆ.

ಮೂರನೆಯದು ಬೆಳಕು. ಕತ್ತಲಾಗುತ್ತಿದ್ದಂತೆ ನಮ್ಮ ಮೈಯಲ್ಲಿ ಮೆಲಟೋನಿನ್ ಅನ್ನೋ ಹಾರ್ಮೋನ್ ಏರುತ್ತದೆ. 'ಇನ್ನು ರಾತ್ರಿ' ಅಂತ ಮೈಗೆ ಹೇಳೋದು ಅದೇ. ಕೊಲರಾಡೋ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಮಲಗೋ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿದ 3ರಿಂದ 5 ವರ್ಷದ ಮಕ್ಕಳಲ್ಲಿ ಈ ಹಾರ್ಮೋನ್ ಶೇ 88ರಷ್ಟು ಕುಗ್ಗಿತ್ತು. ನಮ್ಮ ಪಡಸಾಲೆಯ ಟ್ಯೂಬ್‌ಲೈಟ್ ಅಷ್ಟು ಪ್ರಖರ ಅಲ್ಲ. ಆದರೂ ಟ್ಯೂಬ್‌ಲೈಟ್, ಟಿವಿ, ಮುಖದ ಹತ್ತಿರ ಹಿಡಿದ ಮೊಬೈಲ್ ಎಲ್ಲಾ ಸೇರಿದರೆ ಮಗುವಿಗೆ ರಾತ್ರಿ ಆದದ್ದೇ ಗೊತ್ತಾಗೋದಿಲ್ಲ.

ಎಷ್ಟು ನಿದ್ದೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿದೆ. ದಿನದ 24 ಗಂಟೆಯಲ್ಲಿ ಮೂರು ತಿಂಗಳವರೆಗಿನ ಕೂಸಿಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿನವರಿಗೆ 12ರಿಂದ 16 ಗಂಟೆ, 1–2 ವರ್ಷದವರಿಗೆ 11ರಿಂದ 14 ಗಂಟೆ, 3–4 ವರ್ಷದವರಿಗೆ 10ರಿಂದ 13 ಗಂಟೆ. ಇದರಲ್ಲಿ ಹಗಲು ನಿದ್ದೆಯೂ ಸೇರಿದೆ.

ಇದನ್ನು ಹೇಳಿದ್ದು ಗಡಿಯಾರ ಹಿಡಿದು ಕೂರಲಿ ಅಂತಲ್ಲ. ಒಂದು ರಾತ್ರಿ ಎರಡು ಗಂಟೆ ಕಡಿಮೆಯಾದರೆ ಏನೂ ಮುಳುಗೋದಿಲ್ಲ. ಆದರೆ ವಾರಪೂರ್ತಿ ಜಾತ್ರೆ, ಮದುವೆ, ನೆಂಟರ ಮನೆ ಅಂತ ದಿನಕ್ಕೆ ಎರಡೆರಡು ಗಂಟೆ ಕಳೆದರೆ, 'ಊರಿಗೆ ಬಂದ ಮೇಲೆ ಮಗು ಹಟಮಾರಿ ಆಗಿದೆ, ಊಟ ಮಾಡಲ್ಲ, ಎಲ್ಲದಕ್ಕೂ ಅಳುತ್ತೆ' ಅನ್ನೋ ದೂರು ಶುರುವಾಗುತ್ತದೆ. ಎಷ್ಟೋ ಸಲ ಅದು ಹಟ ಅಲ್ಲ, ಬಾಕಿ ಉಳಿದ ನಿದ್ದೆ.

ಹೊರಡೋ ದಿನ

ಸಾಧ್ಯವಾದರೆ ಮಗುವಿನ ಮಧ್ಯಾಹ್ನದ ನಿದ್ದೆ ಪ್ರಯಾಣದಲ್ಲೇ ಆಗೋ ಹಾಗೆ ಹೊರಡಿ. ಬೆಳಗ್ಗೆ ಹತ್ತು, ಹತ್ತೂವರೆಗೆ ಬಿಟ್ಟರೆ ಹನ್ನೆರಡರ ಹೊತ್ತಿಗೆ ಮಲಗುತ್ತದೆ, ಎರಡಕ್ಕೆ ಎದ್ದು ಮಧ್ಯಾಹ್ನವೇ ಊರು ಸೇರುತ್ತದೆ. ಸಂಜೆಯ ಬೆಳಕಲ್ಲಿ ಮನೆ, ಅಂಗಳ, ದನಕರು ಎಲ್ಲಾ ನೋಡಿಕೊಳ್ಳೋಕೆ ಸಮಯ ಸಿಗುತ್ತದೆ. ಗುರುತು ಸಿಗೋದು ಹೀಗೆ. ಬಸ್ಸಾದರೆ ಬಿಸಿಲಿನ ಚಿಂತೆ ಇರುತ್ತದೆ. ಆಗ ಬೆಳಗಿನ ಜಾವದ ಬಸ್ಸು ಒಳ್ಳೆಯದು. ಹಗಲು ನಿದ್ದೆ ಏನೇ ಆಗಲಿ, ಸಂಜೆ ನಾಲ್ಕು, ನಾಲ್ಕೂವರೆ ಒಳಗೆ ಮುಗಿಯಲಿ.

ಕಾರಿನಲ್ಲಿ ಮಲಗಿದ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಇಟ್ಟುಕೊಳ್ಳೋದು ನಮ್ಮಲ್ಲಿ ಬಹಳ ಸಾಮಾನ್ಯ. ಬಹಳ ಅಪಾಯ ಕೂಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ. ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡ ಮಾತು ಅಂದ್ರೆ, ಹೆದ್ದಾರಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ನಿದ್ದೆಗಣ್ಣಿನ ಮಗುವನ್ನು ಯಾವ ತೋಳೂ ಹಿಡಿದಿಡೋದಿಲ್ಲ. ಹಾಗೆಯೇ ಮಕ್ಕಳ ಸೀಟು ಇರೋದು ಪ್ರಯಾಣಕ್ಕೆ. ಊರು ಮುಟ್ಟಿದ ಮೇಲೂ 'ಮಲಗಿದೆ, ಎಬ್ಬಿಸೋದು ಬೇಡ' ಅಂತ ಚಿಕ್ಕ ಕೂಸನ್ನು ಅದರಲ್ಲೇ ಬಿಡಬೇಡಿ. ಕತ್ತು ಮುಂದಕ್ಕೆ ಬಾಗಿ ಉಸಿರಿಗೆ ತೊಂದರೆ ಆಗಬಹುದು. ಎತ್ತಿ ಸಮತಟ್ಟಾದ ಜಾಗದಲ್ಲಿ ಮಲಗಿಸಿ.

ಇನ್ನೊಂದು ವಿಷಯ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಹೋಟೆಲ್ ಮುಂದೆ ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗುವನ್ನು ಬಿಟ್ಟು 'ಐದು ನಿಮಿಷ' ಟೀ ಕುಡಿಯೋಕೆ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಕಾವು ನಿಮಿಷಗಳಲ್ಲೇ ಏರುತ್ತದೆ. ಗಾಜು ಒಂಚೂರು ಇಳಿಸಿದರೆ ಉಪಯೋಗವಿಲ್ಲ. ಮಕ್ಕಳ ಮೈ ನಮ್ಮ ಮೈಗಿಂತ ಬೇಗ ಕಾಯುತ್ತದೆ.

ಬಸ್ಸಿಳಿದು ಚಳ್ಳಕೆರೆಯಿಂದ ಊರಿಗೆ ಹೋಗೋ ಕೊನೆಯ ದಾರಿ ಬಹಳ ಜನರಿಗೆ ಬೈಕಿನಲ್ಲೇ. ತೂಕಡಿಸೋ ಮಗು ಇಬ್ಬರ ಮಧ್ಯೆ ಜೋತು ಬಿದ್ದಿರುತ್ತದೆ. 9 ತಿಂಗಳಿಂದ 4 ವರ್ಷದ ಮಕ್ಕಳನ್ನು ಬೈಕಿನಲ್ಲಿ ಕರೆದೊಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ, ಮಗುವಿಗೆ ಹೆಲ್ಮೆಟ್ ಮತ್ತು ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯ ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಮಗು ನಿದ್ದೆಯಲ್ಲಿದ್ದರೆ ಆಟೊ ಮಾಡಿಕೊಳ್ಳಿ. ಆ ದುಡ್ಡು ದಂಡ ಅಲ್ಲ.

ಒಂದು ಸಣ್ಣ ಸೂಚನೆ: ಚಳ್ಳಕೆರೆ ಅಂದ್ರೆ ಶೇಂಗಾ ಸೀಮೆ. ದಾರಿಯಲ್ಲಿ ಸುಟ್ಟ ಶೇಂಗಾ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ. ಬಾಯಲ್ಲಿ ಕಾಳು ಇಟ್ಟುಕೊಂಡೇ ತೂಕಡಿಸಿದರೆ ಉಸಿರುನಾಳಕ್ಕೆ ಹೋಗಬಹುದು.

ಮೊದಲ ಸಂಜೆ: ಕ್ರಮ ಮುರಿಯಬೇಡಿ

ಮಲಗೋ ಮುಂಚೆ ದಿನವೂ ಒಂದೇ ಕ್ರಮ ಇಟ್ಟುಕೊಂಡರೆ ಏನಾಗುತ್ತದೆ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 405 ತಾಯಂದಿರು ಮತ್ತು ಅವರ 7 ತಿಂಗಳಿಂದ 3 ವರ್ಷದ ಮಕ್ಕಳು ಇದ್ದರು. ಸ್ನಾನ, ಮೈಗೆ ಹಚ್ಚೋದು, ಆಮೇಲೆ ಮುದ್ದು ಅಥವಾ ಹಾಡು ಮತ್ತು ದೀಪ ಆರಿಸೋದು. ಇಷ್ಟೇ ಕ್ರಮ. ಎರಡೇ ವಾರದಲ್ಲಿ ಮಕ್ಕಳು ಬೇಗ ನಿದ್ದೆ ಹೋಗತೊಡಗಿದರು, ರಾತ್ರಿ ಎಚ್ಚರ ಆಗೋದು ಕಡಿಮೆಯಾಯಿತು. ತಾಯಂದಿರ ಮನಸ್ಸೂ ಹಗುರಾಗಿತ್ತು.

ಈ ಕ್ರಮದ ಗುಣ ಏನಂದ್ರೆ ಅದನ್ನು ಬ್ಯಾಗಿನಲ್ಲಿ ತುಂಬಬೇಕಿಲ್ಲ. ನಿಮ್ಮ ಮನೆಯಲ್ಲಿ ಬಿಸಿನೀರಲ್ಲಿ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಹಾಲು ಕುಡಿಸಿ, ಒಂದು ಹಾಡು ಹೇಳಿ ಮಲಗಿಸುತ್ತೀರಾ? ಊರಿನಲ್ಲೂ ಅದನ್ನೇ ಅದೇ ಸಾಲಿನಲ್ಲಿ ಮಾಡಿ. ಬಚ್ಚಲು ಬೇರೆ ಇರಲಿ, ಲೋಟ ಬೇರೆ ಇರಲಿ, ಪರವಾಗಿಲ್ಲ. ಕ್ರಮ ಒಂದೇ ಇದ್ದರೆ ಮಗುವಿಗೆ ಮುಂದೇನು ಅಂತ ತಿಳಿಯುತ್ತದೆ.

ಜೊತೆಗೆ ಒಯ್ಯಲೇಬೇಕಾದದ್ದು ಎರಡೇ. ಒಂದು, ಮಗು ದಿನಾ ಹಾಸಿಕೊಳ್ಳೋ ಬಟ್ಟೆ. ಒಗೆಯದೆ ಒಯ್ಯಿರಿ, ಮನೆಯ ವಾಸನೆ ಅದರಲ್ಲೇ ಇರೋದು. ಎರಡು, ಒಂದು ವರ್ಷ ದಾಟಿದ ಮಗುವಾದರೆ ಅದರ ಇಷ್ಟದ ಗೊಂಬೆ.

ಕಷ್ಟ ಇರೋದು ಜನರ ಹತ್ತಿರ. 'ಎಂಟೂವರೆಗೆ ಮಲಗಿಸಬೇಕು' ಅಂದ್ರೆ, 'ಬೆಂಗಳೂರಿನವರು ನೋಡಪ್ಪಾ' ಅನ್ನೋ ಮಾತು ಬರುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ: ಮನೆಯ ಹಿರಿಯರಲ್ಲಿ ಒಬ್ಬರನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳೋದು. 'ಅತ್ತೇ, ಇವಳಿಗೆ ಕಥೆ ಹೇಳೋ ಕೆಲಸ ನಿಮ್ಮದು' ಅಂದುಬಿಟ್ಟರೆ, ಎಂಟೂವರೆಗೆ ಟಿವಿ ಆರಿಸೋರು ಅವರೇ ಆಗುತ್ತಾರೆ. ಅಜ್ಜಿ ದೃಷ್ಟಿ ತೆಗೆಯಬೇಕು ಅಂದರೆ ತೆಗೆಯಲಿ, ಅದೂ ಮಗುವಿಗೆ ಮಲಗೋ ಮುಂಚಿನ ಒಂದು ಗುರುತಾಗುತ್ತದೆ. ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ ಹೊಗೆ ಮಾತ್ರ ಮುಚ್ಚಿದ ಕೋಣೆಯಲ್ಲಿ ಮಗುವಿನ ಮುಖದ ಹತ್ತಿರ ಬೇಡ.

ಒಂದು ಮಾತು ಇಲ್ಲಿ ಸೇರಿಸಬೇಕು. 2010ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ 17 ದೇಶಗಳ 29,287 ಮಕ್ಕಳ ಸಮೀಕ್ಷೆಯಲ್ಲಿ, ಏಷ್ಯಾದ ಮಕ್ಕಳು ತಡವಾಗಿ ಮಲಗುತ್ತಾರೆ, ಅಪ್ಪ ಅಮ್ಮನ ಜೊತೆಯೇ ಮಲಗೋದು ಹೆಚ್ಚು ಅಂತ ಕಂಡುಬಂದಿತ್ತು. ಹಾಗಾಗಿ ಪರದೇಶದ ಪುಸ್ತಕ ಓದಿ 'ಏಳು ಗಂಟೆಗೇ, ಬೇರೆ ಕೋಣೆಯಲ್ಲೇ' ಅಂತ ಹಟ ಹಿಡಿಯಬೇಕಿಲ್ಲ. ನಿಮ್ಮ ಮನೆಯಲ್ಲಿ ಒಂಬತ್ತು ಗಂಟೆ ಅಂದರೆ ಊರಲ್ಲೂ ಒಂಬತ್ತು, ಒಂಬತ್ತೂವರೆ. ಅಷ್ಟೇ.

ಎಲ್ಲಿ ಮಲಗಿಸೋದು?

ಬೇಸಿಗೆಯಲ್ಲಿ ನಮ್ಮ ಸೀಮೆಯಲ್ಲಿ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗೋ ರೂಢಿ. ಗಾಳಿ ಬರುತ್ತೆ, ನಕ್ಷತ್ರ ಕಾಣುತ್ತೆ, ಮಕ್ಕಳಿಗೆ ಅದಕ್ಕಿಂತ ಸುಖ ಇಲ್ಲ. ಆದರೆ ಗೋಡೆ ಇಲ್ಲದ ಮಾಳಿಗೆಯಲ್ಲಿ ಚಿಕ್ಕ ಮಕ್ಕಳನ್ನು ಮಲಗಿಸಬೇಡಿ. ನಿದ್ದೆಗಣ್ಣಲ್ಲಿ ಎದ್ದು ನಡೆಯುವ ಮಗುವಿಗೆ ಅದು ಬೆಂಗಳೂರಿನ ಮನೆಯಲ್ಲ ಅಂತ ನೆನಪಿರೋದಿಲ್ಲ.

ನೆಲದಲ್ಲಿ, ಅಂಗಳದಲ್ಲಿ ಮಲಗೋದಾದರೆ ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಿ. ಇದು ಸೊಳ್ಳೆಗೆ ಮಾತ್ರ ಅಲ್ಲ. ಚೇಳಿಗೆ, ಹಾವಿಗೂ ಅದೇ ತಡೆ. ಕಟ್ಟುಹಾವು ರಾತ್ರಿ ಓಡಾಡೋ ಹಾವು. ನೆಲದಲ್ಲಿ ಮಲಗಿದವರನ್ನು ಕಚ್ಚೋದು ಹೆಚ್ಚು, ಕಚ್ಚಿದ ಗುರುತೂ ನೋವೂ ಎಷ್ಟೋ ಸಲ ಇರೋದಿಲ್ಲ. ಮಗು ನಡುರಾತ್ರಿ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಹಾಸಿಗೆಯನ್ನು ಹಾಸೋ ಮುಂಚೆ ಒಮ್ಮೆ ಕೊಡವಿ, ಟಾರ್ಚ್ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ.

ಚಳ್ಳಕೆರೆ ಕಡೆ ಕಂಬಳಿ ಹಾಸಿ ಕೂರಿಸೋದು ಮರ್ಯಾದೆ. ಮಗುವಿಗೂ ಅಕ್ಕರೆಯಿಂದ ಕಂಬಳಿ ಹೊದಿಸುತ್ತಾರೆ. ಬೇಸಿಗೆಯಲ್ಲಿ ಅದು ಬೇಡ. ತೆಳು ಹತ್ತಿ ಬಟ್ಟೆ ಸಾಕು. ಕೈಕಾಲು ಮುಟ್ಟಿ ನೋಡಬೇಡಿ, ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಹೆಚ್ಚಾಯಿತು ಅಂತ ಅರ್ಥ. ಆರು ತಿಂಗಳೊಳಗಿನ ಕೂಸಿಗೆ ಸೆಖೆ ಅಂತ ನೀರು ಕುಡಿಸಬೇಡಿ, ಎದೆಹಾಲನ್ನೇ ಇನ್ನೆರಡು ಸಲ ಹೆಚ್ಚು ಕೊಡಿ.

ಒಂದು ವರ್ಷದೊಳಗಿನ ಕೂಸಿನ ವಿಷಯದಲ್ಲಿ ರಜೆಯಲ್ಲೂ ಸಡಿಲ ಬಿಡಬಾರದ ನಿಯಮಗಳಿವೆ. ಬೆನ್ನ ಮೇಲೆ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಿಂಬು ಬೇಡ. ತಲೆ ಗುಂಡಗಾಗಲಿ ಅಂತ ಇಡೋ ರಾಗಿ ದಿಂಬೂ ಬೇಡ. ಮುಖ ಮುಚ್ಚೋ ಹೊದಿಕೆ ಬೇಡ. ಸಾಲಾಗಿ ಎಲ್ಲರೂ ಮಲಗಿದಾಗ ಹೊರಳಾಡೋ ದೊಡ್ಡ ಮಕ್ಕಳ ಪಕ್ಕ ಕೂಸನ್ನು ಹಾಕಬೇಡಿ. ಬೀಡಿ ಸಿಗರೇಟು ಸೇದುವವರು, ಕುಡಿದವರು, ನಿದ್ದೆ ಬರಿಸೋ ಮಾತ್ರೆ ತಗೊಂಡವರು ಕೂಸಿನ ಜೊತೆ ಮಲಗಬಾರದು.

ಜೋಲಿ? ಸೀರೆಯ ಜೋಲಿಯಲ್ಲಿ ತೂಗಿದರೆ ಮಕ್ಕಳು ಬೇಗ ಮಲಗೋದು ನಿಜ. ಆದರೆ ಕಣ್ಣಳತೆಯಲ್ಲಿ ಇರಲಿ. ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಹಾಕಿ. ಮಗು ತಾನೇ ಹೊರಳಿ ಕೂರೋ ಹಾಗಾದ ಮೇಲೆ ಜೋಲಿಯಲ್ಲಿ ಒಂಟಿಯಾಗಿ ಬಿಡಬೇಡಿ. ದೊಡ್ಡ ಮಕ್ಕಳು ಅದರಲ್ಲಿ ಸುತ್ತಿಕೊಂಡು ಆಡೋಕೆ ಹೋಗಿ ಕುತ್ತಿಗೆಗೆ ಬಿಗಿದ ದುರಂತಗಳು ನಡೆದಿವೆ. ಬಳಸದೆ ಇದ್ದಾಗ ಎತ್ತಿ ಕಟ್ಟಿಡಿ.

ಅರ್ಧ ಚಮಚದ ಮಾತು

ಈಗ ನನ್ನ ಆ ಚಮಚಕ್ಕೆ ಬರುತ್ತೇನೆ.

ನೆಗಡಿ ಔಷಧಿ ಕುಡಿದರೆ ಮಂಪರು ಬರೋದು ಅದರಲ್ಲಿರೋ ಕ್ಲೋರ್‌ಫೆನಿರಮೈನ್ ತರಹದ ಅಂಶಗಳಿಂದ. ಅದು ಔಷಧಿಯ ಅಡ್ಡ ಪರಿಣಾಮ. ಅದನ್ನೇ ಉಪಯೋಗ ಅಂದುಕೊಂಡು ಕೊಡೋದು ತಪ್ಪು. ಕೆಲವು ಮಕ್ಕಳಲ್ಲಿ ಉಲ್ಟಾ ಆಗಿ ಚಡಪಡಿಕೆ ಹೆಚ್ಚುತ್ತದೆ. ಪ್ರಮಾಣ ಹೆಚ್ಚಾದರೆ ಉಸಿರಾಟಕ್ಕೇ ಕುತ್ತು. ಅಂದಾಜಿನ 'ಅರ್ಧ ಚಮಚ' ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ.

ದೇಶದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಎಚ್ಚರಿಕೆ ಹಾಕಿಸಲು ಸೂಚಿಸಿದ್ದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸಾಲು ಸಾಲಾಗಿ ಸತ್ತಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಔಷಧಿ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಸಲಹೆ ಕೊಟ್ಟಿತು. ಕಾಯಿಲೆ ಇರುವ ಮಗುವಿಗೇ ಇಷ್ಟು ಎಚ್ಚರ ಅಂದ್ರೆ, ಕಾಯಿಲೆಯೇ ಇಲ್ಲದ ಮಗುವಿಗೆ ನಿದ್ದೆಗೋಸ್ಕರ ಕೊಡೋದು ಹೇಗೆ?

ಇದೇ ಮಾತು ಹಳೇ ಕಾಲದ ಉಪಾಯಗಳಿಗೂ. ಬ್ರಾಂದಿ ಹನಿ, ತೇದ ಜಾಕಾಯಿ, ಗಸಗಸೆ, ಯಾವುದೂ ಬೇಡ. ಪ್ರಯಾಣದಲ್ಲಿ ವಾಂತಿ ಆಗೋ ಮಗುವಾದರೆ ಹೊರಡೋ ಮುಂಚೆ ಮಕ್ಕಳ ವೈದ್ಯರನ್ನು ಕೇಳಿ.

ಅಜ್ಜಿಯ ಹತ್ತು ನಿಮಿಷ

ಹಾಗಾದರೆ ಅಜ್ಜಿ ಮಾಡಿದ್ದೇನು? ಜಪಾನಿನ ರೈಕನ್ ಸಂಶೋಧನಾ ಸಂಸ್ಥೆಯ ಕುಮಿ ಕುರೋಡ ಮತ್ತು ಸಂಗಡಿಗರು 2022ರಲ್ಲಿ 21 ಕೂಸುಗಳ ಮೇಲೆ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಅಳೋ ಕೂಸನ್ನು ಎತ್ತಿಕೊಂಡು ಸುಮ್ಮನೆ ಕೂತರೆ ಅಷ್ಟೇನೂ ಪ್ರಯೋಜನ ಇಲ್ಲ. ಎತ್ತಿಕೊಂಡು ಐದು ನಿಮಿಷ ಒಂದೇ ಸಮ ನಡೆದರೆ ಅಳು ಇಳಿಯುತ್ತದೆ, ಎಷ್ಟೋ ಕೂಸುಗಳು ನಿದ್ದೆ ಹೋಗುತ್ತವೆ. ಆದರೆ ನಿದ್ದೆ ಬಂದ ಕೂಡಲೇ ಕೆಳಗಿಳಿಸಿದರೆ ಎಚ್ಚರವಾಗುವ ಸಂಭವ ಹೆಚ್ಚು. ಎದೆಯಿಂದ ಬೇರೆಯಾಗೋ ಗಳಿಗೆಯೇ ಅವುಗಳನ್ನು ಎಬ್ಬಿಸೋದು. ಅದಕ್ಕೇ ಕೂತು ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡಿದ್ದು ಆಮೇಲೆ ಮಲಗಿಸಿ ಅನ್ನುತ್ತಾರೆ ಅವರು.

ನಮ್ಮ ಮಗಳು ಆ ಕೂಸುಗಳಿಗಿಂತ ದೊಡ್ಡವಳು, ನಿಜ. ಆದರೆ ಅಂಗಳದಲ್ಲಿ ಅಜ್ಜಿ ನಡೆದದ್ದು, ಕಟ್ಟೆ ಮೇಲೆ ಕೂತು ಕಾದದ್ದು, ಅದೇ ಲೆಕ್ಕ. ಅವರು ಎಂಟು ಮಕ್ಕಳನ್ನು ಸಾಕಿದವರು. ಲೆಕ್ಕ ಅವರಿಗೆ ಕೈಯಲ್ಲೇ ಇತ್ತು.

ಜಾತ್ರೆ, ಪರದೇಶ, ವಾಪಸ್ ಮನೆ

ಕೆಲವು ರಾತ್ರಿ ಕ್ರಮ ತಪ್ಪಿಯೇ ತಪ್ಪುತ್ತದೆ. ನಾಯಕನಹಟ್ಟಿ ತೇರು, ಗೌರಸಮುದ್ರದ ಮಾರಮ್ಮನ ಜಾತ್ರೆ, ಇವನ್ನು ಬಿಡಿ ಅಂತ ಯಾರು ಹೇಳ್ತಾರೆ? ಆ ದಿನ ಮಧ್ಯಾಹ್ನ ಮಗುವನ್ನು ಚೆನ್ನಾಗಿ ಮಲಗಿಸಿ ಕರೆದೊಯ್ಯಿರಿ. ಮಾರನೇ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಬೆಳಗ್ಗೆ ಎಷ್ಟೇ ತಡ ಆದರೂ, ದಿನಾ ಏಳೋದಕ್ಕಿಂತ ಒಂದು ಗಂಟೆಗಿಂತ ಹೆಚ್ಚು ಬಿಡದೆ ಎಬ್ಬಿಸಿ. ಎರಡು ತಡ ರಾತ್ರಿ ಸಾಲಾಗಿ ಬೇಡ.

ಅಮೆರಿಕದಿಂದ, ಯೂರೋಪಿನಿಂದ ಊರಿಗೆ ಬರೋ ಕುಟುಂಬಗಳ ಕಥೆ ಬೇರೆ. ಅಲ್ಲಿನ ಹೊತ್ತೇ ಬೇರೆ, ಇಲ್ಲಿನ ಹೊತ್ತೇ ಬೇರೆ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯೋದು. ಹಾಗಾಗಿ ಮೊದಲ ವಾರ ನೆಂಟರ ಮನೆ ಸುತ್ತಾಟ ಬೇಡ. ಬೆಳಗಿನ ಬಿಸಿಲಲ್ಲಿ ಮಗುವನ್ನು ಹೊರಗೆ ಆಡಿಸಿ, ಊಟ ಇಲ್ಲಿನ ಹೊತ್ತಿಗೇ ಆಗಲಿ. ನಡುರಾತ್ರಿ ಎದ್ದರೆ ದೀಪ, ಮೊಬೈಲ್ ಹಾಕದೆ ಮಂದ ಬೆಳಕಲ್ಲೇ ಸಮಾಧಾನ ಮಾಡಿ.

ರಜೆ ಮುಗಿಸಿ ವಾಪಸ್ ಬಂದ ಮೇಲೂ ಎರಡು ಮೂರು ದಿನ ಮಗು ರಾತ್ರಿ ಎದ್ದು ಅಜ್ಜಿಯನ್ನು ಹುಡುಕಬಹುದು. ಅದು ಸಹಜ. ಹಳೇ ಕ್ರಮಕ್ಕೆ ಅದೇ ದಿನದಿಂದ ಮರಳಿ. ಶಾಲೆ ಶುರುವಾಗೋ ಹಿಂದಿನ ರಾತ್ರಿ ಊರಿಂದ ಬರೋ ಬದಲು ಎರಡು ದಿನ ಮುಂಚೆ ಬಂದರೆ ಒಳ್ಳೆಯದು.

ಇವು ಯಾವುದೂ ಅಲ್ಲದೆ ಮಗುವಿಗೆ ಜ್ವರ ಇದ್ದರೆ, ನಿಲ್ಲದ ವಾಂತಿ ಇದ್ದರೆ, ಬಾಯಿ ಒಣಗಿ ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಅದು ನಿದ್ದೆಯ ಸಮಸ್ಯೆ ಅಲ್ಲ. ಕೂಡಲೇ ವೈದ್ಯರ ಹತ್ತಿರ ಹೋಗಿ. ನಿದ್ದೆಯಲ್ಲಿ ಜೋರು ಗೊರಕೆ, ನಡುನಡುವೆ ಉಸಿರು ನಿಂತಂತೆ ಆಗೋದು ಕಂಡರೆ ಅದನ್ನೂ ವೈದ್ಯರಿಗೆ ತಿಳಿಸಿ.

ಎರಡನೇ ರಾತ್ರಿ ಏನಾಯಿತು ಅಂತ ಹೇಳಿ ಮುಗಿಸ್ತೀನಿ. ಎಂಟು ಗಂಟೆಗೆ ಮಗಳಿಗೆ ಮೈ ತೊಳೆಸಿದೆ, ಬಟ್ಟೆ ಬದಲಿಸಿದೆ, ಹಾಲು ಕೊಟ್ಟೆ, ಮನೆಯಿಂದ ತಂದ ಹಳೇ ದುಪ್ಪಟಿ ಹಾಸಿದೆ. ಟಿವಿ ಆರಿಸಿದ್ದು ಅತ್ತೆ. ಅಜ್ಜಿ ಪಕ್ಕದಲ್ಲಿ ಕೂತು ಯಾವುದೋ ಕುರಿಮರಿಯ ಕಥೆ ತೆಗೆದರು. ಕಥೆ ಮುಗಿಯೋ ಮುಂಚೆಯೇ ಇಬ್ಬರಿಗೂ ನಿದ್ದೆ ಬಂದಿತ್ತು. ಆ ಕುರಿಮರಿ ಕೊನೆಗೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಮನೆಯಲ್ಲಿ ಮಕ್ಕಳನ್ನು ಊರಿನಲ್ಲಿ ಮಲಗಿಸೋ ಉಪಾಯ ಏನು? ನಮಗೆ ಬರೆದು ಅಥವಾ ದನಿ ಕಳಿಸಿ ತಿಳಿಸಿ. ಮುಂದಿನ ವಾರ ಮತ್ತೊಂದು ವಿಷಯದೊಂದಿಗೆ ಸಿಗೋಣ. ಅಲ್ಲಿಯವರೆಗೂ, ನಮಸ್ಕಾರ.